ರೇಡಿಯೊಕ್ಕೆ ಅರ್ಥ ಕೊಟ್ಟಿದ್ದು

ನಮ್ಮ ಮನೆಯಲ್ಲಿ ಒಂದು ಬಿಸ್ಕಿಟಿನ ಡಬ್ಬಿ ಇದೆ. ಮುಚ್ಚಳದ ಮೇಲೆ ಗುಲಾಬಿ ಹೂವಿನ ಚಿತ್ರ. ಬಂದ ನೆಂಟರ ಮಕ್ಕಳು ಆಸೆಯಿಂದ ಮುಚ್ಚಳ ತೆಗೆದು ನೋಡಿ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಒಳಗೆ ಇರುವುದು ವೈರು. ಕೆಂಪಿನದು, ಕಪ್ಪಿನದು, ಬಟ್ಟೆ ಸುತ್ತಿದ್ದು, ರಬ್ಬರು ಬಿರಿದದ್ದು, ಒಂದು ತುದಿಯಲ್ಲಿ ಪಿನ್ನು ಇದ್ದು ಇನ್ನೊಂದು ತುದಿಯಲ್ಲಿ ಏನೂ ಇಲ್ಲದ್ದು. ಇದನ್ನೆಲ್ಲ ಯಾಕೆ ಕಟ್ಟಿಕೊಂಡು ಕೂತಿದ್ದೀ ಎಂದು ಕೇಳದವರಿಲ್ಲ. ಎರಡು ತುದಿ ಇರುವ ವಸ್ತುವನ್ನು ಎಸೆಯಬಾರದು, ಒಂದಲ್ಲ ಒಂದು ದಿನ ಯಾವುದನ್ನೋ ಯಾವುದಕ್ಕೋ ಸೇರಿಸಬೇಕಾಗಿ ಬರುತ್ತದೆ ಎಂಬುದು ನನ್ನ ಸಿದ್ಧಾಂತ. ಆ ದಿನ ಬಂದಿದ್ದು ಕಡಿಮೆ, ಡಬ್ಬಿ ತುಂಬಿದ್ದು ಜಾಸ್ತಿ.

ಮೊನ್ನೆ ಮುಚ್ಚಳ ಕೂರದೇ ಹೋದಾಗ, ಸ್ವಲ್ಪವಾದರೂ ಖಾಲಿ ಮಾಡೋಣ ಎಂದು ಕೂತೆ. ತಳದಲ್ಲಿ ಒಂದು ಕಂದು ಬಣ್ಣದ ವೈರು ಸಿಕ್ಕಿತು. ತುದಿಯಲ್ಲಿ ಎರಡು ಹಿತ್ತಾಳೆಯ ಪಿನ್ನು. ಅದನ್ನು ಕೈಯಲ್ಲಿ ಹಿಡಿದವಳು ಡಬ್ಬಿ ಖಾಲಿ ಮಾಡುವ ಕೆಲಸ ಬಿಟ್ಟೆ. ನೀವಾದರೂ ಅದನ್ನೇ ಮಾಡುತ್ತಿದ್ದಿರಿ. ಹಳೆಯ ಸಾಮಾನು ತೆಗೆಯಲು ಕೂತವರು ಯಾರು ಪೂರ್ತಿ ತೆಗೆದು ಎದ್ದಿದ್ದಾರೆ ಹೇಳಿ?

ಬಿಚ್ಚಿ ನೋಡುವ ಚಟ ನನಗೆ ಹುಟ್ಟಿನಿಂದ ಬಂದದ್ದು. ನನ್ನ ತವರು ಸಿದ್ದಾಪುರದ ಕಡೆ ಮನ್ಮನೆ. ಅಲ್ಲಿ ಅಪ್ಪನಿಗೊಂದು ಅಲಾರಂ ಗಡಿಯಾರ ಇತ್ತು. ಅದು ಬೆಳಿಗ್ಗೆ ಐದಕ್ಕೆ ತಾನಾಗಿ ಹೊಡೆದುಕೊಳ್ಳುವುದು ಹೇಗೆ ಎಂದು ನೋಡಲು ನಾನು ಒಂದು ಮಧ್ಯಾಹ್ನ ಅದನ್ನು ಬಿಚ್ಚಿದೆ. ನೋಡಿದ್ದಾಯಿತು, ತಿಳಿಯಲಿಲ್ಲ. ಮತ್ತೆ ಜೋಡಿಸಿದೆ. ಗಡಿಯಾರವೇನೋ ನಡೆಯಿತು, ಆದರೆ ಮೂರು ಸ್ಕ್ರೂ ಉಳಿದವು. ಅಪ್ಪ ಬೈಯಲಿಲ್ಲ. ಆ ಮೂರು ಸ್ಕ್ರೂಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, "ಇಷ್ಟು ವರ್ಷ ಇದು ಒಳಗೆ ಸುಮ್ಮನೇ ಕೂತಿತ್ತು ಹೇಳಾತು" ಎಂದ. ನನ್ನ ಮದುವೆಯ ದಿನ ಅಮ್ಮ ಅತ್ತುಕೊಂಡು ಬುದ್ಧಿ ಹೇಳುತ್ತಿದ್ದಾಗ, ಮಗಳನ್ನೂ ತಂಗಿ ಎಂದೇ ಕರೆಯುವ ಅಪ್ಪ ಹತ್ತಿರ ಬಂದು ಹೇಳಿದ್ದು ಒಂದೇ ಮಾತು. "ಅಲ್ಲಿ ಹೋಗಿ ಎಂತದೂ ಬಿಚ್ಚಲೆ ಹೋಗಡ ತಂಗಿ."

ಕೊಟ್ಟದ್ದು ಶಿರಸಿ ಪೇಟೆಗೆ. ನಮ್ಮ ಜಿಲ್ಲೆ ಮುಂಬಯಿ ಸರಕಾರದಿಂದ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷ ಆಗಿತ್ತು. ಮನೆಯಲ್ಲಿ ನಾವು ನಾಲ್ಕೇ ಜನ. ಹೈಸ್ಕೂಲು ಮಾಸ್ತರರಾದ ನನ್ನ ಯಜಮಾನರು, ಮಾವಯ್ಯ, ಅತ್ತೆ, ನಾನು. ಜಗಲಿಯ ಗೋಡೆಯಲ್ಲಿ, ಕೂತವರ ಕಿವಿಯ ಎತ್ತರಕ್ಕೆ ಒಂದು ಹಲಗೆ, ಅದರ ಮೇಲೆ ರೇಡಿಯೊ. ಅದಕ್ಕೆ ಅತ್ತೆ ಹೆಣೆದ ದಾರದ ಹೊದಿಕೆ. ಗುಂಡಿ ತಿರುಗಿಸಿದರೆ ಮೊದಲು ಹಸಿರು ದೀಪದ ಕಣ್ಣು ಬಿಡುತ್ತಿತ್ತು, ಆಮೇಲೆ ನಿಧಾನಕ್ಕೆ ಧಾರವಾಡ ಮಾತಾಡುತ್ತಿತ್ತು. ಅದಕ್ಕೆ ವರ್ಷವರ್ಷ ಪೋಸ್ಟಾಫೀಸಿಗೆ ಹೋಗಿ ಲೈಸೆನ್ಸು ಮಾಡಿಸಬೇಕಾಗಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಎತ್ತಿನ ಗಾಡಿಗೆ ಇಲ್ಲದ ಮರ್ಯಾದೆ ಅದಕ್ಕಿತ್ತು.

ರೇಡಿಯೊದ ಮುಖವನ್ನು ಎಲ್ಲರೂ ನೋಡುತ್ತಾರೆ. ಬೆನ್ನು ನೋಡುವುದು ಧೂಳು ಹೊಡೆಯುವ ಸೊಸೆ ಮಾತ್ರ. ಬೆನ್ನಿಗೆ ತೂತುತೂತಿನ ರಟ್ಟು, ಕೆಳಗೆ ಕೆಲವು ಕಿಂಡಿಗಳು. ಒಂದಕ್ಕೆ, ಸ್ಟೇಶನ್ನು ಹಿಡಿಯಲೆಂದು ಮನೆಯ ಮಾಡಿನ ಕೆಳಗೆ ಕಟ್ಟಿದ ತಾಮ್ರದ ಜಾಲರಿಯಿಂದ ಇಳಿದ ವೈರು ಸಿಕ್ಕಿಸಿತ್ತು. ಅದರ ಪಕ್ಕದ್ದು ಖಾಲಿ. ಇನ್ನೊಂದು ಬದಿಯಲ್ಲಿ ಅಕ್ಕಪಕ್ಕ ಎರಡು ಕಿಂಡಿ, ಅವೂ ಖಾಲಿ. ಆ ಎರಡರ ಮೇಲೆ ಒಂದು ಪುಟ್ಟ ಚಿತ್ರ, ಒಂದು ಚಕ್ರ, ಅದರ ಮೇಲೆ ಬಗ್ಗಿದ ಒಂದು ಕೈ. ದಿನಾ ಧೂಳು ಹೊಡೆಯುವಾಗ ನನ್ನ ಬೆರಳು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು.

ತಡೆಯಲಾರದೆ ಯಜಮಾನರನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಗಾಳಿ ಆಡಲೆ ಇಕ್ಕು" ಎಂದರು. ಮಾವಯ್ಯನನ್ನು ಕೇಳಿದೆ. ಅವರು ಕವಳದ ಎಲೆಗೆ ಸುಣ್ಣ ಹಚ್ಚುತ್ತ, "ಮನುಷ್ಯಂಗೆ ಒಂಬತ್ತು ದ್ವಾರ ಇದ್ದಡ. ರೇಡಿಯಕ್ಕೆ ಎರಡು ಹೆಚ್ಚಿಗೆ ಇದ್ರೆ ನಿಂಗೆಂತಾತು ಕೂಸೆ?" ಎಂದು ನಕ್ಕರು. ಅತ್ತೆಯನ್ನು ಕೇಳಲಿಲ್ಲ. ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಆ ಮನೆಗೆ ಹೋಗುವುದಕ್ಕೆ ಮೂರು ವರ್ಷ ಮೊದಲು ಅತ್ತೆಗೆ ದೊಡ್ಡ ಜ್ವರ ಬಂದಿತ್ತಂತೆ. ಜೀವ ಉಳಿಯಿತು, ಕಿವಿ ಹೋಯಿತು. ಪೂರ್ತಿ ಹೋಗಿರಲಿಲ್ಲ. ತಾಮ್ರದ ಹಂಡೆ ಬಿದ್ದರೆ ತಿರುಗಿ ನೋಡುತ್ತಿದ್ದರು. ಕೂಗಿ ಹೇಳಿದರೆ ಅರ್ಧ ತಿಳಿಯುತ್ತಿತ್ತು, ಆದರೆ ಯಾರಾದರೂ ಕೂಗಿದರೆ ಅವರಿಗೆ ಆಗಿಬರುತ್ತಿರಲಿಲ್ಲ. "ಕೂಗಡಿ. ಕೂಗಿದ್ರೆ ಎಲ್ಲರ ಮುಖವೂ ಬೈದ ಹಾಂಗೆ ಕಾಣ್ತು" ಎನ್ನುತ್ತಿದ್ದರು. ನಿಜವೇ. ಉಪ್ಪು ಬೇಕಾ ಎಂದು ಕೂಗಿ ಕೇಳುವವರ ಮುಖವನ್ನು ಒಮ್ಮೆ ನೋಡಿ, ನಿಮಗೇ ಗೊತ್ತಾಗುತ್ತದೆ.

ಇದರಿಂದ ಅತ್ತೆಗಿಂತ ಹೆಚ್ಚು ಕಳೆದುಕೊಂಡವರು ಮಾವಯ್ಯ. ಅವರು ಅರ್ಥಧಾರಿ. ತಾಳಮದ್ದಳೆ ನೋಡದವರಿಗೆ ಹೇಳುತ್ತೇನೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ ಹಾಡುತ್ತಾರೆ, ಎದುರು ಕೂತವರು ಆ ಪದದೊಳಗಿನ ರಾಜನೋ ಮಂತ್ರಿಯೋ ಆಗಿ ಅಲ್ಲೇ ಮಾತು ಕಟ್ಟುತ್ತಾರೆ. ಆ ಮಾತಿಗೆ ನಮ್ಮಲ್ಲಿ ಅರ್ಥ ಎಂದೇ ಹೆಸರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕೂಟಗಳಲ್ಲಿ ಮಾವಯ್ಯನ ಅರ್ಥ ಎಂದರೆ ಜನ ಕವಳ ಉಗುಳಲು ಸಹ ಏಳುತ್ತಿರಲಿಲ್ಲವಂತೆ. ಆದರೆ ಅವರು ಹೆದರುತ್ತಿದ್ದುದು ಆ ಜನಕ್ಕಲ್ಲ. ಪ್ರತಿ ಕೂಟದ ಮೊದಲು ಅಡಿಗೆಮನೆಗೆ ಹೋಗಿ, ಮೆಟ್ಟುಗತ್ತಿಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅತ್ತೆಯ ಎದುರು ಮಣೆ ಹಾಕಿಕೊಂಡು ಕೂತು ಪೂರ್ತಿ ಅರ್ಥ ಹೇಳುತ್ತಿದ್ದರು. ಅತ್ತೆ ಹೆಚ್ಚುತ್ತಲೇ ಕೇಳಿ ಕೊನೆಗೆ ಒಂದು ಮಾತು ಹೇಳುತ್ತಿದ್ದರು. "ಸೋತ ರಾಜ ಅಷ್ಟೆಲ್ಲ ಮಾತಾಡ್ತ್ನಿಲ್ಲೆ." ಮುಗಿಯಿತು. ಮಾವಯ್ಯ ಅರ್ಧ ಗಂಟೆಯ ಅರ್ಥವನ್ನು ಕಾಲು ಗಂಟೆ ಮಾಡುತ್ತಿದ್ದರು.

ಅತ್ತೆಯ ಕಿವಿ ಹೋದ ಮೇಲೆ ಮಾವಯ್ಯ ಒಮ್ಮೆ ಕೂಗಿ ಅರ್ಥ ಹೇಳಿ ನೋಡಿದರಂತೆ. ಹೆಂಡತಿಯನ್ನು ಬಿಟ್ಟು ಯುದ್ಧಕ್ಕೆ ಹೊರಟ ರಾಜನ ಮಾತು ಅದು. ಕೂಗಿ ಹೇಳಿದರೆ ಏನಾಗಬೇಕು? ಅತ್ತೆ ಮುಖ ತಿರುಗಿಸಿದರಂತೆ. ಅಲ್ಲಿಂದ ಮುಂದೆ ಮಾವಯ್ಯ ಯಾವ ಕೂಟಕ್ಕೂ ಹೋಗಲಿಲ್ಲ. ಕರೆಯಲು ಬಂದವರಿಗೆ ಚಾ ಕೊಟ್ಟು, ಗಂಟಲು ಸರಿ ಇಲ್ಲ ಎಂದು ಹೇಳಿ ಕಳಿಸುತ್ತಿದ್ದರು. ಗಂಟಲಿಗೆ ಏನೂ ಆಗಿರಲಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಈಗ ಮತ್ತೆ ತೂತಿನ ವಿಷಯಕ್ಕೆ ಬರುತ್ತೇನೆ. ಒಂದು ದಿನ ಅಟ್ಟದಲ್ಲಿ ಉಪ್ಪಿನಕಾಯಿ ಭರಣಿ ಹುಡುಕುವಾಗ ಒಂದು ಕಪ್ಪು ಪೆಟ್ಟಿಗೆ ಕಂಡಿತು. ಗ್ರಾಮಫೋನು. ಅತ್ತೆಯ ತವರು ಯಲ್ಲಾಪುರದ ಹತ್ತಿರದ ಇಡಗುಂದಿ. ಅಲ್ಲಿಂದ ಅವರ ಅಣ್ಣ ತಂಗಿಗೆ ಕೊಟ್ಟು ಕಳಿಸಿದ್ದಂತೆ. ಜೊತೆಗೆ ಹಾಡಿನ ಒಂಬತ್ತು ಪ್ಲೇಟು. ನಾನು ಕೆಳಗಿಳಿಸಿ ಒರೆಸುವುದನ್ನು ಕಂಡು ಅತ್ತೆಯ ಮುಖ ಅರಳಿತು. ಅವರು ತೀರ ಮೆಲ್ಲಗೆ, ತನಗೇ ಕೇಳದ ದನಿಯಲ್ಲಿ ಅದರ ಕತೆಯನ್ನೆಲ್ಲ ಹೇಳಿದರು. ಪ್ಲೇಟಿನ ಮೇಲೆ ಓಡುವ ಮುಳ್ಳು ಖಾಲಿಯಾದರೆ ಶಿರಸಿಯಲ್ಲೂ ಸಿಗುತ್ತಿರಲಿಲ್ಲವಂತೆ. ಆಗ ಅತ್ತೆ ನಿಂಬೆಗಿಡದ ಒಣಗಿದ ಮುಳ್ಳನ್ನು ಕತ್ತರಿಸಿ ಸಿಕ್ಕಿಸುತ್ತಿದ್ದರಂತೆ. ಹಾಡು ಸ್ವಲ್ಪ ಮೆತ್ತಗೆ ಬರುತ್ತಿತ್ತಂತೆ, ಆದರೆ ಬರುತ್ತಿತ್ತಂತೆ. ಬಿಚ್ಚಿ ನೋಡುವ ಚಟ ನನ್ನೊಬ್ಬಳದೇ ಅಲ್ಲ ಎಂದು ತಿಳಿದು ನನಗೆ ಅತ್ತೆಯ ಮೇಲೆ ಅವತ್ತಿನಿಂದ ಪ್ರೀತಿ ಹೆಚ್ಚಾಯಿತು.

ಕೀಲಿ ಕೊಟ್ಟು ಒಂದು ಪ್ಲೇಟು ಹಚ್ಚಿದೆವು. ಅತ್ತೆ ಕಿವಿಯನ್ನು ಪೆಟ್ಟಿಗೆಗೇ ಹಚ್ಚಿ ಕೂತರು. ಪ್ಲೇಟು ಮುಗಿಯಿತು. ಅವರು ತಲೆ ಎತ್ತಿ, "ತಿರುಗ್ತಾ ಇದ್ದು, ಅಲ್ದಾ?" ಎಂದು ಕೇಳಿದರು. ನಾನು ಹೌದೆಂದು ತಲೆ ಆಡಿಸಿ, ಮುಳ್ಳೆತ್ತಲು ಬಗ್ಗಿದೆ. ಆಗಲೇ ಕಣ್ಣಿಗೆ ಬಿದ್ದಿದ್ದು. ತಿರುಗುವ ಚಕ್ರ, ಅದರ ಮೇಲೆ ಬಗ್ಗಿದ ಒಂದು ಕೈ. ರೇಡಿಯೊದ ಬೆನ್ನಿನ ಚಿತ್ರ ಇದೇ! ರೇಡಿಯೊದ ದನಿಯನ್ನು ಬೇಕಾದಷ್ಟು ದೊಡ್ಡದು ಮಾಡಬಹುದು, ಅದರ ಪೆಟ್ಟಿಗೆಗೆ ಕೈ ಹಚ್ಚಿದರೆ ಮರ ನಡುಗುತ್ತದೆ. ಹಳೆಯ ಪೆಟ್ಟಿಗೆಯ ಹಾಡನ್ನು ಆ ಎರಡು ತೂತಿನೊಳಗೆ ಕಳಿಸಿದರೆ ಅತ್ತೆಗೆ ಕೇಳಿಸೀತು. ಅಪ್ಪನ ಬುದ್ಧಿಮಾತು ಅಲ್ಲಿಗೆ ಮುಗಿಯಿತು.

ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೊ ರಿಪೇರಿಯ ಬಸಣ್ಣ ಇದ್ದ. ಹಾವೇರಿ ಕಡೆಯವನು. ಮಾವಯ್ಯನನ್ನು ಹೊರಡಿಸಿಕೊಂಡು ಪೆಟ್ಟಿಗೆ ಹೊತ್ತು ಅವನಲ್ಲಿಗೆ ಹೋದೆ. ಅವನು ಗ್ರಾಮಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಆಗ್ತೈತ್ರಿ ಅಕ್ಕಾರ. ಈ ಹಳೇ ತಲಿ ತೆಗದು ಹೊಸಾ ತಲಿ ಕೂಡಸಬೇಕು. ಪಿಕಪ್ ಅಂತಾರ ಅದಕ್ಕ. ಹುಬ್ಬಳ್ಳಿಂದ ತರಸ್ತೀನಿ" ಎಂದ. ಪಿಕಪ್ ಎಂದರೆ ನಮಗೆ ಗೊತ್ತಿದ್ದುದು ಅಡಿಕೆ ಚೀಲ ಸಾಗಿಸುವ ಗಾಡಿ. ಮಾವಯ್ಯ ಗಾಬರಿಯಾಗಿ, "ಅಷ್ಟು ದೊಡ್ಡದು ಬೇಡ ಮಾರಾಯ, ಪೆಟ್ಟಿಗೆ ಯಂಗನೇ ಹೊತ್ಕಂಡು ಹೋಗ್ತ್ಯ" ಎಂದರು.

ಹದಿನೈದು ದಿನದಲ್ಲಿ ಪಿಕಪ್ ಬಂತು. ಅಡಿಕೆಗಿಂತ ಸ್ವಲ್ಪ ದೊಡ್ಡದು, ಕಪ್ಪಗೆ. ಬಸಣ್ಣ ಅದನ್ನು ಗ್ರಾಮಫೋನಿನ ಲೋಹದ ಕೈಯ ತುದಿಗೆ ಕೂರಿಸಿ, ಒಂದು ಕಂದು ವೈರನ್ನು ಅದರ ಪಕ್ಕದಿಂದ ಇಳಿಸಿ, ಕೊನೆಗೆ ಎರಡು ಹಿತ್ತಾಳೆ ಪಿನ್ನು ಹಚ್ಚಿ ಕೊಟ್ಟ. ಓಡುವುದು ಕೀಲಿಯಿಂದ, ಹಾಡುವುದು ಕರೆಂಟಿನಿಂದ. ಮನೆಗೆ ತಂದು ನಾನೇ ಪಿನ್ನುಗಳನ್ನು ಆ ಎರಡು ತೂತಿಗೆ ಸಿಕ್ಕಿಸಿದೆ. ಎಷ್ಟು ಸಲೀಸಾಗಿ ಕೂತವು ಎಂದರೆ, ಇಷ್ಟು ದಿನ ಎಲ್ಲಿ ಹೋಗಿದ್ದಿರಿ ಎಂದು ತೂತುಗಳೇ ಕೇಳಿದಂತಿತ್ತು. ಅತ್ತೆಯನ್ನು ಕರೆದು ಕೂರಿಸಿದೆವು. ಹಸಿರು ಕಣ್ಣು ತೆರೆಯಿತು. ಮುಳ್ಳು ಇಳಿಸಿದೆ.

ಗುಂಯ್ ಎಂದಿತು. ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ, ಬಿಡದೆ, ಒಂದೇ ಸಮನೆ ಗುಂಯ್. ಅದರ ಒಳಗೆಲ್ಲೋ ಒಬ್ಬರು ಹಾಡುತ್ತಿದ್ದರು. ಅತ್ತೆ ರೇಡಿಯೊದ ಪೆಟ್ಟಿಗೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿ, "ಯಂಗೆ ಗೊತ್ತಿದ್ದ ಸದ್ದೇ ಇದು. ಜ್ವರ ಬಂದಾಗಿನಿಂದ ದಿನಾ ಕೇಳ್ತಾ ಇದ್ದು" ಎಂದು ಎದ್ದು ಹೋದರು. ಹಾಸ್ಯಕ್ಕೆ ಹೇಳಿದರೋ ಬೇಜಾರಿಗೆ ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಮಾವಯ್ಯ ತಾವೇ ಬಸಣ್ಣನ ಅಂಗಡಿಗೆ ಹೋಗಿ ಬಂದರು. ಹೋಗುವಾಗ ಇದ್ದ ಮುಖ ಬರುವಾಗ ಇರಲಿಲ್ಲ. ಚಪ್ಪಲಿ ಬಿಡುತ್ತಲೇ ನನ್ನನ್ನು ಕರೆದರು.

"ಅವ ಎಂತ ಹೇಳ್ದ ಗೊತ್ತಿದ್ದಾ ಕೂಸೆ? ನಿಮ್ಮ ರೇಡಿಯಕ್ಕೆ ಅರ್ಥ ಇಲ್ಲೆ ಹೇಳ್ದ. ಅರ್ಥ ಕೊಡಿ, ಗುಂಯ್ ಹೇಳದು ತನ್ನಷ್ಟಕ್ಕೆ ನಿಲ್ತು ಹೇಳ್ದ."

"ಅರ್ಥವಾ?"

"ಹ್ಞೂಂ. ಎರಡೆರಡು ಸಲ ಕೇಳ್ದೆ. ಎರಡು ಸಲವೂ ಅದನ್ನೇ ಹೇಳ್ದ. ಅವ ಒಂದು ಸಲ ಎನ್ನ ಕೂಟಕ್ಕೆ ಬಂದಿದ್ನಡ. ಪದ ಇದ್ದು, ಅರ್ಥ ಇಲ್ಲೆ ಹೇಳಿ ಯಂಗೆ ಚುಚ್ಚಿ ಹೇಳ್ದ ಕಾಣ್ತು. ಇರಲಿ. ಹೇಳಿದ್ದರಲ್ಲಿ ಸುಳ್ಳಿಲ್ಲೆ."

ನಗಬೇಡಿ. ಆಗ ನನಗೂ ಬೇರೆ ಏನೂ ತೋಚಲಿಲ್ಲ. ಯಂತ್ರದ ವಿಷಯ ನನಗೆ ಬಹಳ ಗೊತ್ತು ಎಂದು ಮನೆಯಲ್ಲೆಲ್ಲ ಬೀಗುತ್ತಿದ್ದವಳು ನಾನು, ಅರ್ಥ ಎಂದರೆ ನಮ್ಮ ಅರ್ಥವಲ್ಲದೆ ಇನ್ನೊಂದು ಇರಬಹುದು ಎಂದು ತಲೆಗೇ ಹೋಗಲಿಲ್ಲ. ಮಾವಯ್ಯ ಇಷ್ಟು ವರ್ಷದ ಮೇಲೆ ಅರ್ಥ ಹೇಳುತ್ತಾರೆ ಎಂಬ ಖುಷಿಯಲ್ಲಿ ವಿಚಾರ ಮಾಡುವುದನ್ನೂ ಮರೆತೆ.

ಮಧ್ಯಾಹ್ನ ಊಟವಾದ ಮೇಲೆ ಮಾವಯ್ಯ ಶಾಲು ಹೊದ್ದು, ಗ್ರಾಮಫೋನಿನ ಎದುರು ನೆಲದ ಮೇಲೆ ಬರಿಗಾಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ನಾನು ಪ್ಲೇಟು ಹಚ್ಚಿದೆ. ಗುಂಯ್ ಎನ್ನುತ್ತ ಹಾಡು ಮುಗಿಯಿತು. ನಾನು ಮುಳ್ಳೆತ್ತಿದೆ, ಗುಂಯ್ ಮಾತ್ರ ಉಳಿಯಿತು. ಮಾವಯ್ಯ ಗಂಟಲು ಸರಿ ಮಾಡಿಕೊಂಡರು. ಎಡಗೈಯನ್ನು ಎದುರಿನ ವಸ್ತುವಿನ ಮೇಲೆ ಊರಿ ಮಾತು ಶುರು ಮಾಡುವುದು ಅವರ ಹಳೆಯ ಅಭ್ಯಾಸ. ಕೂಟದಲ್ಲಿ ಎದುರಿಗೆ ಮದ್ದಳೆ ಇರುತ್ತಿತ್ತು, ಇಲ್ಲಿ ಗ್ರಾಮಫೋನಿನ ಲೋಹದ ಕೈ ಇತ್ತು. ಅದನ್ನು ಹಿಡಿದು, "ಎಲೈ ಸಾರಥಿಯೇ" ಎಂದರು.

ಗುಂಯ್ ನಿಂತಿತು!

ನಿಂತೇ ಹೋಯಿತು. ಮಾವಯ್ಯನಿಗೆ ಮೈಮೇಲೆ ಮುಳ್ಳೆದ್ದಿತು, ನನಗೂ ಎದ್ದಿತು. ಅವರು ಹುರುಪಿನಿಂದ ಅರ್ಥ ಮುಂದುವರಿಸಿದರು. ನಡುವೆ ಎಲ್ಲೋ ಸಿಟ್ಟು ಬರುವ ಜಾಗದಲ್ಲಿ ಕೈ ಎತ್ತಿ ಬೀಸಿದರು. ಗುಂಯ್ ಮತ್ತೆ ಶುರುವಾಯಿತು. ಅವರು ಮುಖ ಸಪ್ಪೆ ಮಾಡಿ, "ಈ ಜಾಗ ಸ್ವಲ್ಪ ಹೆಚ್ಚಾತು ಕಾಣ್ತು. ನಿನ್ನ ಅತ್ತೆಗೆ ಕೇಳ್ತಿದ್ರೆ ಅವಳೂ ಇಲ್ಲೇ ಹಿಡೀತಿತ್ತು" ಎಂದರು. ಮತ್ತೆ ಕೈ ಊರಿ ಕಡಿಮೆ ಮಾತಿನಲ್ಲಿ ಹೇಳಿದರು. ಗುಂಯ್ ನಿಂತಿತು. ಮೂರು ದಿನ ಹೀಗೇ ನಡೆಯಿತು. ಮಾವಯ್ಯನ ಪ್ರಕಾರ ಆ ರೇಡಿಯೊ ಅವರು ಕಂಡ ಅತಿ ಕಠಿಣ ಪ್ರೇಕ್ಷಕ. ಮಾತು ಎಲ್ಲಿ ಅತಿಯಾಗುತ್ತದೋ ಅಲ್ಲೇ ಗುಂಯ್ ಎನ್ನುತ್ತದೆ. ನಮ್ಮ ಯಜಮಾನರು ಮಾತ್ರ ಪೇಪರು ಎತ್ತಿಕೊಂಡು ಹಿತ್ತಲಿಗೆ ಹೋಗಿ ಓದಲು ಶುರು ಮಾಡಿದರು.

ನನ್ನ ತಲೆಯಲ್ಲಿ ಹುಳ ಹೊಕ್ಕಿದ್ದು ಮೂರನೆಯ ದಿನ. ಮಾವಯ್ಯ ಮಾತು ಮರೆತು, ಕೈ ಊರಿಕೊಂಡೇ ಸುಮ್ಮನೆ ಕೂತಿದ್ದರು. ಅರ್ಥ ಇರಲಿಲ್ಲ. ಆದರೂ ಗುಂಯ್ ಇರಲಿಲ್ಲ.

"ಮಾವಯ್ಯ, ಮಾತಾಡ್ತಾ ಒಂದು ಸಲ ಕೈ ತೆಗೀರಿ ನೋಡನ" ಎಂದೆ. ತೆಗೆದರು. ಎಷ್ಟು ಒಳ್ಳೆಯ ಅರ್ಥ ಹೇಳುತ್ತಿದ್ದರೂ ಗುಂಯ್ ಬಂತು. ನಾನು ಹೋಗಿ ಒಂದು ಮಾತೂ ಆಡದೆ ಆ ಲೋಹದ ಕೈಯ ಮೇಲೆ ಕೈಯಿಟ್ಟೆ. ನಿಂತಿತು. ಮಣೆಯ ಮೇಲೆ ನಿಂತು ಕೈಯಿಟ್ಟೆ. ನಿಲ್ಲಲಿಲ್ಲ. ಮಣೆಯಿಂದ ನೆಲಕ್ಕೆ ಕಾಲಿಟ್ಟ ಕೂಡಲೇ ನಿಂತಿತು. ಮಣೆ ಹತ್ತುವುದು, ಇಳಿಯುವುದು, ಹತ್ತುವುದು, ಇಳಿಯುವುದು. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಸೊಸೆಗೆ ಏನೋ ಆಗಿದೆ ಎನ್ನುವ ಹಾಗೆ ನೋಡುತ್ತಿದ್ದರು.

"ಇದಕ್ಕೆ ಬೇಕಾದ್ದು ಮಾತಲ್ಲ ಮಾವಯ್ಯ, ನೆಲ" ಎಂದೆ. ಮಾವಯ್ಯನ ಕೈ ಮಡಿಲಿಗೆ ಬಿತ್ತು. "ಹಂಗಾರೆ ಈ ಮೂರು ದಿನ ಎನ್ನ ಅರ್ಥ?" ಎಂದು ಕೇಳಿದರು. ನಾನು ಮಣೆ ಎತ್ತಿ ಗೋಡೆಗೆ ಒರಗಿಸಿದೆ. ಇದು ತಿಳಿಯದೇ ಹೋಗಿದ್ದರೇ ಚೆನ್ನಾಗಿತ್ತು ಎಂದು ನನ್ನ ಕುತೂಹಲದ ಮೇಲೆ ನನಗೇ ಸಿಟ್ಟು ಬಂದಿದ್ದು ಅದೊಂದೇ ಸಲ.

ಬಸಣ್ಣನನ್ನು ಮನೆಗೇ ಕರೆಸಿದೆವು. ನಡೆದಿದ್ದನ್ನು ಕೇಳಿ ಅವನು ನೆಲಕ್ಕೆ ಕೂತು ನಕ್ಕ. "ಅಯ್ಯ ಯಜಮಾನ್ರ, ನಾ ಹೇಳಿದ್ದು ಅರ್ಥ್ ರೀ, ಅರ್ಥ್! ಭೂಮಿ! ಹಿಂದ ಒಂದು ತೂತು ಖಾಲಿ ಐತಲ್ರಿ, ಅಲ್ಲಿಂದ ಒಂದು ವಾಯರ್ ಮಣ್ಣಿಗೆ ಇಳಸ್ರಿ ಅಂದೆ. ಕೈ ಹಚ್ಚಬ್ಯಾಡ್ರಿ ಮತ್ತ, ಕರೆಂಟ್ ಅದು." ಇಂಗ್ಲಿಷಿನ ಭೂಮಿ ನಮ್ಮ ಭಾಷೆಯಲ್ಲಿ ಅರ್ಥವಾಗಿತ್ತು. ನಾನು ಮೊದಲೇ ಹೇಳಿದ, ತಾಮ್ರದ ಜಾಲರಿಯ ವೈರಿನ ಪಕ್ಕದ ಖಾಲಿ ಕಿಂಡಿ ಇದಕ್ಕೇ ಇದ್ದಿದ್ದು. ದಿನಾ ಅದರ ಧೂಳು ಹೊಡೆದವಳಿಗೆ ಅಷ್ಟೂ ತಿಳಿದಿರಲಿಲ್ಲ.

ಬಚ್ಚಲ ನೀರು ಹೋಗುವಲ್ಲಿ ಬಸಣ್ಣ ಮೊಳಕಾಲುದ್ದ ಗುಂಡಿ ತೋಡಿದ. ತೂತು ಬಿದ್ದ ತಾಮ್ರದ ತಂಬಿಗೆಯೊಂದಕ್ಕೆ ವೈರು ಸುತ್ತಿ, ಇದ್ದಿಲು, ಉಪ್ಪು ಹಾಕಿ ಹೂತ. ಮಾವಯ್ಯ ಪಕ್ಕದಲ್ಲಿ ನಿಂತು ಶ್ರಾದ್ಧ ಮಾಡಿಸುವವರ ಗಂಭೀರತೆಯಿಂದ ನೋಡುತ್ತಿದ್ದರು. ಮಣ್ಣು ಮುಚ್ಚಿದ ಮೇಲೆ, "ಅಂತೂ ಅರ್ಥ ಹೂತಾತು" ಎಂದರು. ಬಸಣ್ಣ ಮತ್ತೆ ನಕ್ಕ. ನನಗೆ ನಗು ಬರಲಿಲ್ಲ.

ಗುಂಯ್ ಹೋಯಿತು. ಪ್ಲೇಟು ಹಚ್ಚಿ ರೇಡಿಯೊದ ದನಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆವು. ಅತ್ತೆ ರೇಡಿಯೊದ ಬಟ್ಟೆಯ ಮುಖಕ್ಕೆ ಕಿವಿ ಕೊಟ್ಟು, ಮರದ ಮೇಲೆ ಅಂಗೈ ಊರಿ ಕೂತರು. ಎರಡನೆಯ ಸಾಲಿಗೆ ಅವರ ಬೆರಳು ತಾಳ ಹಾಕಿತು. ಕಣ್ಣು ತುಂಬಿ ಬಂತು. ಅವರ ಅಣ್ಣ ಕೊಟ್ಟ ಪ್ಲೇಟಲ್ಲವೇ! ನಾವೆಲ್ಲ ಗೆದ್ದವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪ್ಲೇಟು ಮುಗಿಯಿತು. ಅತ್ತೆ ಕೈ ತೆಗೆಯಲಿಲ್ಲ, ಮಾವಯ್ಯನ ಕಡೆ ತಿರುಗಿದರು.

"ಪದ ಆತು. ಅರ್ಥ ಎಲ್ಲಿದ್ದು?"

ಮೂರು ದಿನ ತಮ್ಮ ಗಂಡ ಶಾಲು ಹೊದ್ದು ಒಂದು ಪೆಟ್ಟಿಗೆಯ ಎದುರು ಬಾಯಿ ಆಡಿಸಿದ್ದನ್ನು ಅವರು ಅಡಿಗೆಮನೆಯ ಬಾಗಿಲಿಂದ ನೋಡುತ್ತಲೇ ಇದ್ದರು. ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಮಾವಯ್ಯ ಬಾಯಿ ತೆರೆದರು, ಕೂಗಬೇಕಾಗುತ್ತದೆ ಎಂದು ನೆನಪಾಗಿ ಮುಚ್ಚಿದರು.

ಹಳೆಯ ಹಾಡು ಆ ತೂತಿನಿಂದ ಹೋಗುವುದಾದರೆ ಮಾತು ಹೋಗಬಾರದೇ ಎಂದು ನಾನು ಬಸಣ್ಣನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡ. ಅದಕ್ಕೆ ಮೈಕು ಬೇಕು, ಮೈಕು ನನ್ನಲ್ಲಿಲ್ಲ ಎಂದ. ಆಮೇಲೆ, "ತಡೀರಿ" ಎಂದು ಅಂಗಡಿಗೆ ಹೋಗಿ ಒಂದು ವಸ್ತು ತಂದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ಯಾರೋ ತಂದು ಅವನಿಗೆ ಕೊಟ್ಟದ್ದಂತೆ. ಕಿವಿಗೆ ಇಟ್ಟುಕೊಂಡು ಕೇಳುವ ಕಪ್ಪು ಬಿಲ್ಲೆ. "ಇದು ಕೇಳೂದುರಿ. ಆದ್ರ ಇದರಾಗ ಮಾತಾಡಿದ್ರೂ ನಡೀತೈತಿ. ಉಲ್ಟಾ ಕೆಲಸ ಮಾಡ್ತೈತಿ" ಎಂದ. ಕಿವಿಯನ್ನು ಬಾಯಿ ಮಾಡಬಹುದು! ನಾನು ಅವನಿಂದ ಅದನ್ನು ಕಿತ್ತುಕೊಂಡಷ್ಟು ಬೇಗ ಇಸಿದುಕೊಂಡೆ. ಪಿಕಪ್ಪಿನ ಪಿನ್ನು ತೆಗೆದು ಇದರ ಪಿನ್ನು ಸಿಕ್ಕಿಸಿದೆ. ಮಾವಯ್ಯ ಬಿಲ್ಲೆಯನ್ನು ಬಾಯಿಯ ಹತ್ತಿರ ಹಿಡಿದರು. ರೇಡಿಯೊ ಕುಂಯ್ ಎಂದು ಕಿರುಚಿತು, ಬೆಕ್ಕು ಓಡಿಹೋಯಿತು. ರೇಡಿಯೊ ಹತ್ತಿರ ಮಾತಾಡಬಾರದು, ದೂರ ಹೋಗಬೇಕು ಎಂದ ಬಸಣ್ಣ. ಆಗಲೇ ತುಂಬಲು ಶುರುವಾಗಿದ್ದ ನನ್ನ ಬಿಸ್ಕಿಟಿನ ಡಬ್ಬಿಯ ವೈರುಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿ ಉದ್ದ ಮಾಡಿದ. ಮಾವಯ್ಯ ಅಡಿಗೆಮನೆಗೆ ಹೋಗಿ ಮಣೆ ಹಾಕಿ ಕೂತರು. ಅತ್ತೆ ಜಗಲಿಯಲ್ಲಿ ರೇಡಿಯೊದ ಮುಂದೆ. ನಡುವೆ ಬಾಗಿಲಲ್ಲಿ, ಇಬ್ಬರೂ ಕಾಣುವಲ್ಲಿ ನಾನು ನಿಂತೆ.

ಮಾವಯ್ಯ ಹೇಳಿದ್ದು ಆ ಹಳೆಯ ಅರ್ಥವನ್ನೇ. ಯುದ್ಧಕ್ಕೆ ಹೊರಟ ರಾಜ ರಾಣಿಯ ಹತ್ತಿರ ಆಡುವ ಮಾತು. ಕೂಗಲಿಲ್ಲ. ಒಬ್ಬರಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದರು. "ನಾನು ಹೊರಟಿದ್ದೇನೆ. ಬಾಗಿಲವರೆಗೆ ಬರಬೇಡ. ನೀನು ಬಾಗಿಲಲ್ಲಿ ನಿಂತರೆ ನನ್ನ ಕುದುರೆ ಹಿಂದೆ ತಿರುಗುತ್ತದೆ." ಜಗಲಿಯಲ್ಲಿ ಆ ಮಾತು ದೊಡ್ಡದಾಗಿ, ಆದರೆ ಮೆಲ್ಲಗೇ ಬಂತು. ಹೇಗೆಂದು ವಿವರಿಸಲು ನನಗೆ ಬರುವುದಿಲ್ಲ. ಸದ್ದು ದೊಡ್ಡದು, ಮಾತು ಮೆತ್ತಗೆ.

ಅತ್ತೆಯ ಬೆನ್ನು ನೆಟ್ಟಗಾಯಿತು. ಕೇಳುತ್ತಿದೆ ಎಂದು ಅವರು ಹೇಳಬೇಕಾಗಿರಲಿಲ್ಲ. ಮಾವಯ್ಯ ಉಸಿರು ತೆಗೆದುಕೊಳ್ಳಲು ನಿಂತಾಗ ಅವರು ರೇಡಿಯೊವನ್ನು ನೋಡುತ್ತ, ಅದರೊಳಗೆ ಇರುವವರನ್ನು ಕೇಳುವ ಹಾಗೆ ಕೇಳಿದರು.

"ನಿಂಗಳ ಸ್ವರ ಯಾವಾಗ ಇಷ್ಟು ಮುದಿಯಾತು?"

ಅಡಿಗೆಮನೆಯಲ್ಲಿ ಮಾವಯ್ಯನಿಗೆ ಅದು ಕೇಳಿಸಿತು. ಅವರ ಕೈಯಲ್ಲಿದ್ದ ಬಿಲ್ಲೆ ಮಡಿಲಿಗೆ ಇಳಿಯಿತು. ಒಲೆಯ ಮೇಲಿನ ಹಾಲು ಉಕ್ಕುವುದನ್ನೂ ಅವರು ನೋಡಲಿಲ್ಲ, ನಾನೂ ನೋಡಲಿಲ್ಲ. ಆಮೇಲೆ ಬಿಲ್ಲೆಯನ್ನು ಮತ್ತೆ ಎತ್ತಿ ಬಾಯಿಯ ಹತ್ತಿರ ತಂದರು. ರಾಜನ ದನಿಯಲ್ಲಿ ಅಲ್ಲ, ಮನೆಯ ದನಿಯಲ್ಲಿ ಹೇಳಿದರು.

"ನೀನು ಕೇಳ್ದೇ ಇದ್ದಾಗ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಕಿವಿಯನ್ನು ರೇಡಿಯೊಕ್ಕೆ ಇನ್ನೂ ಹತ್ತಿರ ತಂದು ಕೂತರು.

"ಅಡ್ಡಿಲ್ಲೆ. ಮುಂದೆ ಹೇಳಿ" ಎಂದರು.